ಸಂಪಾದಕರ ಉತ್ತರ: ಗುಹೆಯೊಳಗೆ ಸುತ್ತಿಗೆ ಎತ್ತಬಹುದೇ?

ಪ್ರಿಯ ಓದುಗರೇ,

ಕಳೆದ ಸಂಚಿಕೆಯ ಗುಹೆ ಲೇಖನಕ್ಕೆ ನೀವು ಬರೆದ ಪತ್ರ ಖಾರವಾಗಿದೆ. ಹಾಗೇ ಇರಲಿ. ‘ಏನನ್ನೂ ಮುಟ್ಟಬೇಡಿ ಎಂದು ಬುದ್ಧಿ ಹೇಳುವವರೆಲ್ಲ ಬೇರೆ ಯಾರೋ ಅಗೆದು ತೆರೆದ ಗುಹೆಗಳಲ್ಲೇ ಓಡಾಡುತ್ತಾರೆ. ಅಗೆಯದಿದ್ದರೆ ಹೊಸ ಗುಹೆ ಸಿಗುವುದೇ ಇಲ್ಲ. ಇಕ್ಕಟ್ಟಾದ ಕಡೆ ಒಂದಿಷ್ಟು ಕಲ್ಲು ಒಡೆದರೆ ಬೆಟ್ಟಕ್ಕೇನು ನಷ್ಟ?’ ಎಂದು ಕೇಳಿದ್ದೀರಿ. ಕೊನೆಗೆ, ‘ಒಳಗೆ ಯಾರಾದರೂ ಸಿಕ್ಕಿಹಾಕಿಕೊಂಡರೆ ಆಗಲೂ ಮುಟ್ಟಬೇಡಿ ಅಂತೀರಾ?’ ಎಂದೂ ಕೇಳಿದ್ದೀರಿ.

ಅಗೆಯದೆ ಸಿಗದ ಗುಹೆಗಳಿವೆ ಎಂಬುದು ನಿಜ. ಅಮೆರಿಕದ ನ್ಯೂ ಮೆಕ್ಸಿಕೊದ ಲೆಚುಗಿಯಾ ಗುಹೆಯನ್ನೇ ನೋಡಿ. 1986ರವರೆಗೆ ಅದು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಸಣ್ಣ ಗುಂಡಿ. ತಳದಲ್ಲಿ ಕುಸಿದು ಬಿದ್ದ ಕಲ್ಲುಮಣ್ಣಿನ ಸಂದಿನಿಂದ ಮಾತ್ರ ಜೋರಾಗಿ ಗಾಳಿ ಬರುತ್ತಿತ್ತು. ಅಷ್ಟು ಗಾಳಿ ಬರಬೇಕಾದರೆ ಕೆಳಗೆ ದೊಡ್ಡ ಜಾಗ ಇರಲೇಬೇಕು, ಅಲ್ವಾ? ಕೆಲವರು ರಾಷ್ಟ್ರೀಯ ಉದ್ಯಾನದವರ ಅನುಮತಿ ಪಡೆದು ಅಗೆದರು. ಇವತ್ತು ಅಲ್ಲಿ ನಕ್ಷೆಯಾಗಿರುವ ದಾರಿಯೇ 240 ಕಿ.ಮೀ.ಗೂ ಹೆಚ್ಚು.

ಆದರೆ ಅವರು ಅಗೆದದ್ದು ಏನನ್ನು? ಮೇಲಿಂದ ಕುಸಿದು ಬಾಯಿ ಮುಚ್ಚಿದ್ದ ಸಡಿಲ ಕಲ್ಲುಮಣ್ಣನ್ನು. ಅಗೆದ ಮೇಲೆ ಆ ಬಾಯನ್ನು ಹಾಗೇ ತೆರೆದಿಟ್ಟು ಹೋಗಲಿಲ್ಲ. ಅಲ್ಲಿ ಬಾಗಿಲಿರುವ ಉಕ್ಕಿನ ಕೊಳವೆ ಇಟ್ಟರು. ಇಕ್ಕಟ್ಟು ಅನ್ನಿಸಿದ ಕಡೆಯೆಲ್ಲ ಗುಹೆಯ ಗೋಡೆ ಒಡೆಯುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ. ನಿಮ್ಮ ಪತ್ರ ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತದೆ. ನನ್ನ ತಕರಾರು ಅಷ್ಟೇ.

ಬೆಟ್ಟಕ್ಕೇನು ನಷ್ಟ ಅಂದಿರಿ. ಬೆಟ್ಟಕ್ಕೆ ಏನೂ ಆಗುವುದಿಲ್ಲ, ಒಳಗಿನ ಗಾಳಿಗೆ ಆಗುತ್ತದೆ. ಗುಹೆ ಉಸಿರಾಡುತ್ತದೆ ಎಂದು ಗುಹೆಗೆ ಇಳಿಯುವವರು ಹೇಳುವುದು ಸುಮ್ನೆ ಅಲ್ಲ. ಹೊರಗೆ ವಾಯುಭಾರ ಏರಿದರೆ ಗಾಳಿ ಒಳಗೆ ಹೋಗುತ್ತದೆ, ಇಳಿದರೆ ಹೊರಗೆ ಬರುತ್ತದೆ. ಎಷ್ಟು ಗಾಳಿ, ಎಷ್ಟು ಬೇಗ ಎಂಬುದನ್ನು ತೀರ್ಮಾನಿಸುವುದು ಆ ಇಕ್ಕಟ್ಟಾದ ಸಂದುಗಳೇ. ಒಳಗಿನ ತೇವ, ತಂಪು, ನೀರು ತೊಟ್ಟಿಕ್ಕಿ ಸುಣ್ಣದ ಗೂಟಗಳು ಬೆಳೆಯುವ ರೀತಿ ಎಲ್ಲವೂ ಅದರ ಮೇಲೆ ನಿಂತಿವೆ. ಅರಿಜೋನಾದ ಕಾರ್ಟ್‌ಚ್ನರ್ ಗುಹೆಯನ್ನು 1974ರಲ್ಲಿ ಇಬ್ಬರು ಯುವಕರು ಕಂಡುಹಿಡಿದರು. ಅವರೂ ಗಾಳಿ ಬರುವ ಸಣ್ಣ ಕಿಂಡಿಯನ್ನು ಅಗಲ ಮಾಡಿಯೇ ಒಳಗೆ ಹೋದದ್ದು. ಇದು ನಿಮ್ಮ ವಾದಕ್ಕೆ ಬಲ ಕೊಡುತ್ತದೆ, ಇರಲಿ. ಆದರೆ ಮುಂದೆ ಮಾಡಿದ್ದನ್ನೂ ಕೇಳಿ. 1988ರವರೆಗೆ ಗುಟ್ಟು ಬಿಡಲಿಲ್ಲ. ಒಳಗೆ ಒಂದೇ ಕಾಲುದಾರಿ ಗುರುತಿಸಿ ಅದರಲ್ಲೇ ನಡೆದರು. 1999ರಲ್ಲಿ ಜನರಿಗೆ ತೆರೆದಾಗಲೂ ಒಳಗಿನ ತೇವ ಹೊರಗೆ ಹೋಗದಂತೆ ಒಂದರ ಹಿಂದೆ ಒಂದು ಬಾಗಿಲಿಟ್ಟು ತೆರೆದರು.

ಇದಕ್ಕೆ ತದ್ವಿರುದ್ಧ ಫ್ರಾನ್ಸಿನ ಲಾಸ್ಕೊ, ಆದಿಮಾನವರು ಗೋಡೆ ಮೇಲೆ ಬಿಡಿಸಿದ ಚಿತ್ರಗಳಿರುವ ಗುಹೆ. 1940ರಲ್ಲಿ ಸಿಕ್ಕಿತು, 1948ರಲ್ಲಿ ಪ್ರವಾಸಿಗಳಿಗೆ ತೆರೆದರು. ಬಾಯಿ ಅಗಲ ಮಾಡಿದರು, ನೆಲ ತಗ್ಗಿಸಿದರು, ದೀಪ ಹಾಕಿದರು. ಸಾವಿರಾರು ವರ್ಷ ಏನೂ ಆಗದ ಚಿತ್ರಗಳ ಮೇಲೆ ಕೆಲವೇ ವರ್ಷದಲ್ಲಿ ಹಸಿರು ಪಾಚಿ ಬಂತು. 1963ರಲ್ಲಿ ಮುಚ್ಚಬೇಕಾಯಿತು. ಮುಚ್ಚಿದರೂ ತೊಂದರೆ ನಿಲ್ಲಲಿಲ್ಲ. 2001ರಲ್ಲಿ ಬಿಳಿ ಬೂಷ್ಟು ಹಬ್ಬಿತು.

ಅಗೆಯುವುದೊಂದೇ ಬದಲಾವಣೆ ಅಂದುಕೊಳ್ಳಬೇಡಿ. ಇಂಡಿಯಾನಾದ ವಯಾಂಡಾಟ್ ಗುಹೆಯ ಬಾಯಿಗೆ ಒಮ್ಮೆ ಕಲ್ಲುಗೋಡೆ ಕಟ್ಟಿ ಗೇಟ್ ಹಾಕಿದ್ದರು. ತಣ್ಣನೆ ಗಾಳಿ ಒಳಗೆ ಹೋಗುವುದು ಕಡಿಮೆಯಾಗಿ ಗುಹೆ ಬೆಚ್ಚಗಾಯಿತು. ಚಳಿಗಾಲವಿಡೀ ನಿದ್ದೆ ಮಾಡುವ ಬಾವಲಿಗೆ ಬೆಚ್ಚಗಾದರೆ ಮೈಯ ಕೊಬ್ಬು ಬೇಗ ಕರಗುತ್ತದೆ. ಬಾವಲಿಗಳು ಕಡಿಮೆಯಾದವು. ಗೋಡೆ ತೆಗೆದ ಮೇಲೆ ಮತ್ತೆ ಹೆಚ್ಚಾದವು. ಕಾಪಾಡುತ್ತೇವೆ ಎಂದು ಗೇಟ್ ಹಾಕುವವರೂ ಮೊದಲು ಗಾಳಿಯ ಲೆಕ್ಕ ಹಾಕಬೇಕು.

ಇನ್ನು ಹೂಳು. ದಾರಿ ಬಿಡಿಸಲು ಬಕೆಟ್‌ಗಟ್ಟಲೆ ಹೂಳು ಎತ್ತಿ ಹಾಕಿದ್ದನ್ನು ನೀವು ಹೆಮ್ಮೆಯಿಂದ ಬರೆದಿದ್ದೀರಿ. ಅದನ್ನು ಓದುವಾಗ ನನಗೆ ಸ್ವಲ್ಪ ಕಸಿವಿಸಿಯಾಯಿತು. ಪದರ ಪದರವಾಗಿ ಕೂತ ಹೂಳಿನಲ್ಲಿ ಹಳೆಯ ಪ್ರವಾಹ, ಮೂಳೆ, ಪರಾಗ ಎಲ್ಲ ಇರುತ್ತವೆ. ಒಮ್ಮೆ ಬಕೆಟ್ಟಿಗೆ ಹಾಕಿದರೆ ಯಾವುದು ಮೇಲಿತ್ತು, ಯಾವುದು ಕೆಳಗಿತ್ತು ಎಂದು ಹೇಳುವವರು ಯಾರೂ ಇಲ್ಲ.

ದಕ್ಷಿಣ ಆಫ್ರಿಕಾದ ರೈಸಿಂಗ್ ಸ್ಟಾರ್ ಗುಹೆಯ ಕಥೆ ನನಗೆ ತುಂಬಾ ಇಷ್ಟ. 2013ರಲ್ಲಿ ಇಬ್ಬರು ಗುಹೆ ಹುಡುಕುವವರು ಕಡಿದಾದ ಸೀಳಿನಲ್ಲಿ ಇಳಿದು, ಮೂಳೆ ಹರಡಿದ ಒಂದು ಕೋಣೆ ಕಂಡರು. ಸೀಳು ಕೆಲವು ಕಡೆ ಸುಮಾರು 18 ಸೆಂ.ಮೀ. ಅಷ್ಟೇ. ಸಂಶೋಧನಾ ತಂಡದ ಮುಖ್ಯಸ್ಥ ಲೀ ಬರ್ಗರ್ ಅದರಲ್ಲಿ ತೂರುವಂತಿರಲಿಲ್ಲ. ಡೈನಮೈಟ್ ಇಟ್ಟು ಅಗಲ ಮಾಡಿಬಿಡೋಣ ಎನ್ನುವ ಬದಲು ಅವರು ಫೇಸ್‌ಬುಕ್‌ನಲ್ಲಿ ಕರೆ ಕೊಟ್ಟರು: ತೆಳ್ಳಗಿರುವ, ಇಕ್ಕಟ್ಟಿಗೆ ಹೆದರದ, ಅಗೆತ ಗೊತ್ತಿರುವ ವಿಜ್ಞಾನಿಗಳು ಬೇಕು. ಆಯ್ಕೆಯಾದ ಆರೂ ಜನ ಮಹಿಳೆಯರು. ಅವರು ಇಳಿದು 1,500ಕ್ಕೂ ಹೆಚ್ಚು ಪಳೆಯುಳಿಕೆ ಮೇಲೆ ತಂದರು. ಹೋಮೊ ನಲೇಡಿ ಎಂಬ ಹೊಸ ಮಾನವ ಜಾತಿ ಜಗತ್ತಿಗೆ ಗೊತ್ತಾದದ್ದು ಹಾಗೆ. ಬರ್ಗರ್ ಮೇಲೆ ಕೂತು ಪರದೆಯಲ್ಲಿ ನೋಡಿದರು. ಆ ಕೋಣೆಗೆ ಅವರು ಇಳಿದದ್ದು 2022ರಲ್ಲಿ, ತೂಕ ಇಳಿಸಿಕೊಂಡು!

ದಾರಿಗೆ ತಕ್ಕವರನ್ನು ಹುಡುಕಬೇಕು. ಅಂಥವರು ಸಿಗದಿದ್ದರೆ ವಾಪಸ್ ಬರಬೇಕು. ನನ್ನ ಭುಜ ಹಿಡಿಸುತ್ತಿಲ್ಲ ಎಂಬುದು ಗೋಡೆ ಒಡೆಯಲು ಕಾರಣವೇ ಅಲ್ಲ. ನಾಳೆ ನನಗಿಂತ ಸಣ್ಣವರು ಬರಬಹುದು, ಕ್ಯಾಮೆರಾ ಇಳಿಸುವ ಉಪಾಯ ಬರಬಹುದು. ಒಡೆದದ್ದನ್ನು ಮಾತ್ರ ಅವರಿಗೆ ಮತ್ತೆ ಜೋಡಿಸಲು ಆಗುವುದಿಲ್ಲ.

ಹಾಗಂತ ಮಡಿವಂತಿಕೆಯೂ ಬೇಡ. ಆಳದ ಬಾವಿಯಂಥ ಜಾಗದಲ್ಲಿ ಹಗ್ಗ ಕಟ್ಟಲು ಬೋಲ್ಟ್ ಹೊಡೆಯಲೇಬೇಕು. ಒಳ್ಳೆಯ ಜಾಗ ನೋಡಿ, ಬಾಳಿಕೆ ಬರುವಂಥದ್ದನ್ನು ಒಮ್ಮೆ ಹೊಡೆದರೆ ಸಾಕು. ಬಂದವರೆಲ್ಲ ಪಕ್ಕದಲ್ಲಿ ಇನ್ನೊಂದು ತೂತು ಕೊರೆಯುವುದು ತಪ್ಪುತ್ತದೆ. ವಿಜ್ಞಾನಕ್ಕಾಗಿ ತೆಗೆಯುವುದನ್ನೂ ನಾನು ಒಪ್ಪುತ್ತೇನೆ. ಮೇಘಾಲಯದ ಮಾಮ್ಲು ಗುಹೆಯಲ್ಲಿ ನೆಲದಿಂದ ಬೆಳೆದಿದ್ದ ಒಂದು ಸುಣ್ಣದ ಗೂಟ 4,200 ವರ್ಷ ಹಿಂದಿನ ದೊಡ್ಡ ಬರದ ಗುರುತು ಹಿಡಿದಿಟ್ಟಿತ್ತು. ಭೂಮಿಯ ಇತಿಹಾಸದ ಈಗಿನ ಕಾಲಘಟ್ಟಕ್ಕೆ 2018ರಲ್ಲಿ ‘ಮೇಘಾಲಯನ್’ ಎಂಬ ಹೆಸರು ಬಂದದ್ದು ಅದರಿಂದಲೇ. ಆದರೆ ಅಂಥ ಮಾದರಿ ತೆಗೆಯುವವರು ಯಾಕೆ ಬೇಕು, ಎಷ್ಟು ಸಾಕು ಎಂದು ಮೊದಲೇ ಉತ್ತರ ಕೊಡಬೇಕು.

ಈಗ ನಿಮ್ಮ ಕೊನೆಯ ಪ್ರಶ್ನೆ. ಒಳಗೆ ಮನುಷ್ಯ ಸಿಕ್ಕಿಕೊಂಡಿದ್ದರೆ ಒಡೆಯಿರಿ. ಅದರಲ್ಲಿ ಎರಡು ಮಾತಿಲ್ಲ. ಆದರೆ ‘ನಾಳೆ ರಕ್ಷಣೆಗೆ ಬೇಕಾಗುತ್ತೆ, ಈಗಲೇ ಅಗಲ ಮಾಡಿಡೋಣ’ ಎಂಬ ವಾದವನ್ನು ನಾನು ಒಪ್ಪಲಾರೆ. ಅಗಲ ಮಾಡುವ ಕೆಲಸದಲ್ಲೇ ಕಲ್ಲು ಸಡಿಲವಾಗುತ್ತದೆ. 1925ರಲ್ಲಿ ಕೆಂಟಕಿಯ ಸ್ಯಾಂಡ್ ಕೇವ್‌ನಲ್ಲಿ ಸಿಕ್ಕಿಕೊಂಡು ಸತ್ತ ಫ್ಲಾಯ್ಡ್ ಕಾಲಿನ್ಸ್, ಪ್ರವಾಸಿಗಳನ್ನು ಕರೆತರಲು ಅದೇ ಇಕ್ಕಟ್ಟು ದಾರಿಯನ್ನು ದಿನಗಟ್ಟಲೆ ಅಗಲ ಮಾಡುತ್ತಿದ್ದವರು. ಕಾಲ ಮೇಲೆ ಬಿದ್ದದ್ದು ದೊಡ್ಡ ಬಂಡೆಯೇನೂ ಅಲ್ಲ. ಪಕ್ಕದಲ್ಲಿ ಬಾವಿ ತೋಡಿ ತಲುಪುವ ಹೊತ್ತಿಗೆ ಜೀವ ಹೋಗಿತ್ತು. ಇನ್ನೊಂದು ವಿಷಯ, ದಾರಿ ಸಲೀಸಾದಷ್ಟೂ ಅನುಭವ ಇಲ್ಲದವರು ಜಾಸ್ತಿ ಆಳಕ್ಕೆ ಇಳಿಯುತ್ತಾರೆ. ರಕ್ಷಣೆಯ ಕೆಲಸ ಆಗ ಇನ್ನೂ ಕಷ್ಟವಾಗುತ್ತದೆ.

ನಿಮ್ಮ ತಂಡ ಅಗೆಯುತ್ತಿರುವ ಜಾಗದ ಬಗ್ಗೆ ಲೇಖನ ಕೊಡುತ್ತೇನೆ ಅಂದಿದ್ದೀರಿ, ಕೊಡಿ. ಅಗೆಯುವ ಮುಂಚಿನ ಫೋಟೊ, ನಕ್ಷೆ, ಜಮೀನಿನವರ ಒಪ್ಪಿಗೆ, ಗಾಳಿ ಮೊದಲು ಎಷ್ಟಿತ್ತು ಈಗ ಎಷ್ಟಿದೆ ಎಂಬ ವಿವರ ಜೊತೆಗಿರಲಿ. ನಿಮ್ಮ ವಾದವನ್ನು ಒಂದಕ್ಷರ ಕತ್ತರಿಸದೆ ಹಾಕುತ್ತೇವೆ. ಗುಹೆ ಎಲ್ಲಿದೆ ಎಂಬುದನ್ನು ಮಾತ್ರ ಅಚ್ಚು ಮಾಡುವುದಿಲ್ಲ.

– ಸಂಪಾದಕ