ಪೇಟೆಯಿಂದ ಕಡಲಿಗೆ ಒಂದು ದಾರಿ

ಮಾನ್ಯರೇ,

ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ ಮಾರ್ಗೇಟ್ ಎಂಬ ಕಡಲತೀರದ ಊರನ್ನು ಕಂಡು ಬಂದ ನೀವು, ಸೊರಗಿದ್ದ ಆ ಊರು ಚೇತರಿಸಿಕೊಂಡ ಬಗೆಯನ್ನು ಬಣ್ಣಿಸಿ, ನಿಮ್ಮ ಕಾರವಾರದ ಟ್ಯಾಗೋರ್ ಕಡಲತೀರದಲ್ಲೂ ಅಂಥದೇ ಒಂದು ದೊಡ್ಡ ಮನರಂಜನಾ ಪಾರ್ಕ್ ಬಂದರೆ ಪೇಟೆಗೆ ಜೀವ ಬರುತ್ತದೆ ಎಂದು ಬರೆದಿದ್ದೀರಿ. ಮೀನುಗಾರರ ದೋಣಿ, ಬಲೆಗಳನ್ನು ತೀರದಿಂದ ಬೇರೆಡೆಗೆ ಸಾಗಿಸಬೇಕಲ್ಲವೇ ಎಂದೂ ಕೇಳಿದ್ದೀರಿ. ಊರಿನ ಮೇಲಿನ ನಿಮ್ಮ ಅಕ್ಕರೆ ಪತ್ರದುದ್ದಕ್ಕೂ ಕಾಣುತ್ತದೆ. ಆದರೆ ಮಾರ್ಗೇಟ್ ಕಲಿಸುವ ಪಾಠ ಬೇರೆಯದೇ ಎಂದು ನನಗೆ ಅನ್ನಿಸುವುದರಿಂದ ತುಸು ವಿಸ್ತಾರವಾಗಿ ಉತ್ತರಿಸುತ್ತಿದ್ದೇನೆ.

ನೀವು ಮೆಚ್ಚಿದ ಡ್ರೀಮ್‌ಲ್ಯಾಂಡ್ ಪಾರ್ಕಿನ ಕಥೆ ಸರಾಗವಾದುದಲ್ಲ. 1920ರ ಅಲ್ಲಿನ ಮರದ ರೋಲರ್ ಕೋಸ್ಟರ್ 2008ರಲ್ಲಿ ಬೆಂಕಿಗೆ ತುತ್ತಾಯಿತು. ಸ್ಥಳೀಯ ಆಡಳಿತವು ಜಾಗವನ್ನು ಸ್ವಾಧೀನಕ್ಕೆ ತೆಗೆದುಕೊಂಡು, 2015ರ ಜೂನ್‌ನಲ್ಲಿ ಪಾರ್ಕ್ ಮತ್ತೆ ತೆರೆಯಿತಾದರೂ, ನಡೆಸುತ್ತಿದ್ದ ಕಂಪನಿ ವರ್ಷ ತುಂಬುವ ಮೊದಲೇ ಹಣಕಾಸಿನ ಮುಗ್ಗಟ್ಟಿಗೆ ಸಿಲುಕಿತು. ಊರಿನ ಚೇತರಿಕೆಗೆ ಹೆಚ್ಚು ಗಟ್ಟಿಯಾದ ಬುನಾದಿ ಹಾಕಿದ್ದು 2011ರಲ್ಲಿ ಬಂದರಿನ ಪಕ್ಕ ತೆರೆದ ಟರ್ನರ್ ಕಂಟೆಂಪರರಿ ಎಂಬ ಕಲಾ ಗ್ಯಾಲರಿ ಎಂಬುದು ನನ್ನ ಎಣಿಕೆ. ಚಿತ್ರಕಾರ ಟರ್ನರ್ ಬಾಲ್ಯದಲ್ಲಿ ಆ ಊರಿನಲ್ಲಿ ಓದಿದವರು, ಮುಂದೆ ಅಲ್ಲಿ ಬಂದು ತಂಗುತ್ತಿದ್ದವರು. ಅವರು ತಂಗುತ್ತಿದ್ದ ಮನೆ ಇದ್ದ ಜಾಗದಲ್ಲೇ ಗ್ಯಾಲರಿ ನಿಂತಿದೆ. ಪ್ರವೇಶ ಉಚಿತ, ಬಾಗಿಲು ಚಳಿಗಾಲದಲ್ಲೂ ತೆರೆದಿರುತ್ತದೆ, ಹಳೆಯ ಪೇಟೆಯ ಅಂಗಡಿಗಳು ಅಲ್ಲಿಂದ ಕಾಲ್ನಡಿಗೆಯ ದೂರದಲ್ಲಿವೆ. ಜೊತೆಗೆ, 2009ರಿಂದ ಲಂಡನ್ನಿಗೆ ವೇಗದ ರೈಲು ಸಿಕ್ಕಿತ್ತು. ಇಷ್ಟಾದ ಮೇಲೆ ಮನೆಬಾಡಿಗೆ ಏರಿ, ಹುಟ್ಟಿದ ಊರಲ್ಲೇ ಮನೆ ಮಾಡಲಾಗದ ಯುವಕರ ಸಂಕಟವೂ ಶುರುವಾಯಿತು. ಅದನ್ನು ನಾವು ಮರೆಯುವಂತಿಲ್ಲ.

ಕಾರವಾರಕ್ಕೆ ಟರ್ನರ್‌ನನ್ನು ಎರವಲು ತರುವ ಅಗತ್ಯವಿಲ್ಲ. ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಉಳಿದುಕೊಳ್ಳಲು 1880ರ ದಶಕದ ಆರಂಭದಲ್ಲಿ ಬಂದ ತರುಣ ರವೀಂದ್ರನಾಥರು ಇಲ್ಲಿಯೇ ಒಂದು ಪದ್ಯನಾಟಕವನ್ನು ಬರೆದರು. ಗುಡ್ಡಗಳ ನಡುವಿನ ಈ ಅರ್ಧಚಂದ್ರಾಕಾರದ ತೀರವನ್ನೂ ಗಾಳಿಮರಗಳ ತೋಪನ್ನೂ ಕಾಳಿ ನದಿಯನ್ನೂ ಮುಂದೆ ನೆನಪುಗಳಲ್ಲಿ ಬಿಡಿಸಿಟ್ಟರು. ಆ ನೆನಪಿಗೊಂದು ಮನೆ ಬೇಕು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಳೆ ಹೊಯ್ಯುವಾಗಲೂ ಶಾಲೆ ಬಿಟ್ಟ ಮಕ್ಕಳು ಬಂದು ಕೂರಬಹುದಾದ, ಓದಬಹುದಾದ, ಹಾಡು ಕಲಿಯಬಹುದಾದ ಮನೆ ಅದಾಗಬೇಕು, ಮತ್ತು ಅದು ಪೇಟೆಯೊಳಗೇ ಇರಬೇಕು. ಮರಳಿನ ಮೇಲೆ ಕಾಂಕ್ರೀಟ್ ಕಟ್ಟುವುದಕ್ಕೆ ಕರಾವಳಿ ನಿಯಂತ್ರಣ ವಲಯದ ನಿಯಮಗಳು ಹೇಗೂ ಅಡ್ಡ ಬರುತ್ತವೆ. ಕಡಲಿನ ಮುನಿಸನ್ನು ಕಂಡವರಿಗೆ ಆ ನಿಯಮಗಳ ಬೆಲೆ ತಿಳಿದಿದೆ.

ಇನ್ನೊಂದು ಮಾತು. ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ, ಸಂತೆ ಮುಗಿಸಿದ ಅಜ್ಜಿಯೊಬ್ಬರು ಒಂದು ಕೈಯಲ್ಲಿ ಬಸಳೆ ಸೊಪ್ಪು ಇಣುಕುತ್ತಿದ್ದ ಚೀಲ, ಇನ್ನೊಂದರಲ್ಲಿ ಮೊಮ್ಮಗನ ಬೆರಳು ಹಿಡಿದು ಹೆದ್ದಾರಿಯ ಅಂಚಿನಲ್ಲಿ ನಿಂತಿದ್ದರು. ಹುಡುಗನಿಗೆ ಕಡಲು ಕಾಣುತ್ತಿತ್ತು. ಅಜ್ಜಿ ಮೂರು ಸಲ ಕಾಲು ಮುಂದಿಟ್ಟರು. ಮೂರು ಸಲವೂ ಲಾರಿ ಬಂತು. ಕೊನೆಗೆ ಅಳುವ ಮಗುವನ್ನು ಎಳೆದುಕೊಂಡು ಬಸ್ಸಿನ ಕಡೆಗೆ ತಿರುಗಿದರು. ಪೇಟೆಗೂ ಮರಳಿಗೂ ನಡುವೆ ಇರುವುದು ಕೆಲವೇ ನಿಮಿಷಗಳ ನಡಿಗೆ. ಆ ನಡಿಗೆಯನ್ನು ನೆರಳಿನ, ದೀಪದ, ಕೂರಲು ಕಟ್ಟೆಗಳುಳ್ಳ, ಗಾಲಿಕುರ್ಚಿಯೂ ಸಾಗಬಲ್ಲ ದಾರಿಯಾಗಿ ಮಾಡಿದರೆ, ಸಂತೆಗೆ ಬಂದವರು ಕಡಲಿಗೆ ಹೋಗುತ್ತಾರೆ, ಕಡಲಿಗೆ ಬಂದವರು ಪೇಟೆಯ ಖಾನಾವಳಿಯಲ್ಲಿ ಮೀನೂಟ ಮಾಡುತ್ತಾರೆ. ಹಣವಿದ್ದರೆ ಮೊದಲು ಅಲ್ಲಿಗೆ ಹಾಕಿ ಎಂಬುದೇ ನನ್ನ ಉತ್ತರದ ತಿರುಳು.

ಎರಡನೆಯದಾಗಿ ನಿರ್ವಹಣೆ. ಕರಾವಳಿಯ ಉದ್ಯಾನವೊಂದರಲ್ಲಿ ಉದ್ಘಾಟನೆಯ ಫಲಕ ಹೊಳೆಯುತ್ತಿದ್ದರೂ ಪಕ್ಕದ ಜಾರುಬಂಡೆಯ ತಗಡು ಉಪ್ಪುಗಾಳಿಗೆ ತೂತು ಬಿದ್ದು, ಮಕ್ಕಳು ಹತ್ತದಂತೆ ಹಗ್ಗ ಕಟ್ಟಿದ್ದನ್ನು ಕಂಡಿದ್ದೇನೆ. ಕಟ್ಟುವ ದಿನವೇ ಮುಂದಿನ ಹತ್ತು ಮಳೆಗಾಲದ ದುರಸ್ತಿಗೆ ಹಣ ತೆಗೆದಿಡದ ಯಾವ ಯೋಜನೆಯನ್ನೂ ಒಪ್ಪಬೇಡಿ. ನಿಮ್ಮದೇ ಜಿಲ್ಲೆಯ ಹೊನ್ನಾವರದ ಕಾಸರಕೋಡಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ನೀರಿನ ಶುದ್ಧತೆ, ಶೌಚಾಲಯ, ಜೀವರಕ್ಷಕರು ಇವೆಲ್ಲವನ್ನೂ ಪರೀಕ್ಷಿಸಿ ಒಂದೊಂದು ಅವಧಿಗೆ ಮಾತ್ರ ಕೊಡುವ ಮಾನ್ಯತೆ ಅದು. ಕಾರವಾರಕ್ಕೂ ಅಂಥ ಶಿಸ್ತು ಬೇಕು.

ದೋಣಿಗಳ ಬಗ್ಗೆ ನಿಮ್ಮ ಮಾತನ್ನು ನಾನು ಒಪ್ಪಲಾರೆ. ದಕ್ಷಿಣದ ತೀರದ ಬಹುಭಾಗ ಸೀಬರ್ಡ್ ನೌಕಾನೆಲೆಗೆ ಹೋಗಿ, ಎಷ್ಟೋ ಮೀನುಗಾರ ಕುಟುಂಬಗಳು ಒಮ್ಮೆ ನೆಲೆ ಕಳೆದುಕೊಂಡಿವೆ. ಬಂದರು ವಿಸ್ತರಣೆಯ ವಿರುದ್ಧ 2020ರ ಜನವರಿಯಲ್ಲಿ ಅವರು ಬೀದಿಗಿಳಿದದ್ದು ಉಳಿದಿರುವ ಈ ಮರಳಿಗಾಗಿಯೇ. ರಂಪಣಿ ಬಲೆಯ ಎರಡು ತುದಿಗಳನ್ನು ಹತ್ತಾರು ಜನ ದಡದಿಂದ ಎಳೆಯುವಾಗ ಪ್ರವಾಸಿಗರು ಸುತ್ತ ನೆರೆದು, ಕೆಲವರು ತಾವೂ ಹಗ್ಗಕ್ಕೆ ಕೈ ಕೊಡುತ್ತಾರೆ. ಬಲೆ ಎಳೆಯುವ ಜಾಗವನ್ನು ಯಾವ ನಕ್ಷೆ ಬರೆದರೂ ಮೊದಲು ಗುರುತಿಸಿ, ಉಳಿದದ್ದನ್ನು ಅದರ ಸುತ್ತ ಹೊಂದಿಸಬೇಕು. ನಗರಸಭೆಗೆ ನೀವು ಮನವಿ ಕೊಡುವುದಾದರೆ, ಮೀನುಗಾರ ಸಂಘದವರ ಸಹಿಯೂ ಅದರಲ್ಲಿರಲಿ. ಅದರ ಪ್ರತಿಯೊಂದನ್ನು ನಮಗೂ ಕಳುಹಿಸಿ, ಪ್ರಕಟಿಸುತ್ತೇವೆ.

— ಸಂಪಾದಕ