ಮದರ್‌ಬೋರ್ಡ್ ಬದಲಾದರೆ ವಿಂಡೋಸ್ ಪರವಾನಗಿ ಉಳಿಯುತ್ತದೆಯೇ?

ಪ್ರಶ್ನೆ: ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗಗಳನ್ನು ತಂದು ಮನೆಯಲ್ಲಿಯೇ ಕಂಪ್ಯೂಟರ್ ಜೋಡಿಸಿಕೊಂಡಿದ್ದೆ. ವಿಂಡೋಸನ್ನು ಅಂಗಡಿಯಿಂದ ಡಬ್ಬಿ ಸಮೇತ, ಬಿಲ್ ಪಡೆದು ಕೊಂಡಿದ್ದೇನೆ. ಈಚೆಗೆ ಮದರ್‌ಬೋರ್ಡ್ ಸುಟ್ಟುಹೋಗಿ ಬೇರೆ ಕಂಪನಿಯ ಬೋರ್ಡ್ ಹಾಕಿಸಿದೆ. ಈಗ ‘ವಿಂಡೋಸ್ ಆಕ್ಟಿವೇಟ್ ಆಗಿಲ್ಲ’ ಎಂಬ ಸೂಚನೆ ಬರುತ್ತಿದೆ. ರಿಪೇರಿಯವರು ಹೊಸದನ್ನೇ ಕೊಳ್ಳಬೇಕು ಎನ್ನುತ್ತಾರೆ. ಪರಿಚಿತರೊಬ್ಬರು ಕೆಲವೇ ನೂರು ರೂಪಾಯಿಗೆ ಕೀ ಕೊಡಿಸುತ್ತೇನೆ ಎನ್ನುತ್ತಾರೆ. ಏನು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ಎರಡನ್ನೂ ಮಾಡಬೇಡಿ. ನೀವು ಹಣ ಕೊಟ್ಟು ಪಡೆದ ಹಕ್ಕು ಬೋರ್ಡಿನೊಂದಿಗೆ ಸುಟ್ಟುಹೋಗಿಲ್ಲ. ಅದನ್ನು ಹೊಸ ಬೋರ್ಡಿಗೆ ವರ್ಗಾಯಿಸುವ ದಾರಿ ಇದೆ.

ವಿಂಡೋಸ್ ಪರವಾನಗಿಯಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಡಬ್ಬಿಯಲ್ಲಿಯೋ ಮೈಕ್ರೋಸಾಫ್ಟ್‌ನ ಆನ್‌ಲೈನ್ ಮಳಿಗೆಯಲ್ಲಿಯೋ ಬಿಡಿಯಾಗಿ ಮಾರಾಟವಾಗುವುದು ರಿಟೇಲ್ ಪರವಾನಗಿ. ಹಳೆಯ ಯಂತ್ರದಿಂದ ತೆಗೆದು ಇನ್ನೊಂದಕ್ಕೆ ಹಾಕಿಕೊಳ್ಳಲು ಇದರಲ್ಲಿ ಅವಕಾಶವಿದೆ, ಆದರೆ ಒಮ್ಮೆಗೆ ಒಂದೇ ಯಂತ್ರದಲ್ಲಿ ಬಳಸಬೇಕು. ಕಂಪನಿಗಳು ತಯಾರಿಸಿ ಮಾರುವ ಲ್ಯಾಪ್‌ಟಾಪ್ ಮತ್ತು ಡೆಸ್ಕ್‌ಟಾಪ್‌ಗಳ ಜೊತೆಗೆ ಬರುವುದು ಓಇಎಂ. ಇದು ಆ ಯಂತ್ರದ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ, ದೋಷದ ಕಾರಣಕ್ಕೆ ತಯಾರಕರೇ ಅದೇ ಮಾದರಿಯ ಅಥವಾ ಅದಕ್ಕೆ ಸಮಾನವಾದ ಬೋರ್ಡ್ ಹಾಕಿಕೊಟ್ಟಾಗ ಮಾತ್ರ ಮುಂದುವರಿಯುತ್ತದೆ. ಮೂರನೆಯದಾದ ವಾಲ್ಯೂಮ್ ಪರವಾನಗಿ ಸಂಸ್ಥೆಗಳಿಗೆ ಸೇರಿದ್ದು, ಮನೆಯ ಬಳಕೆಗಲ್ಲ. ನಿಮ್ಮದು ಡಬ್ಬಿಯ ರಿಟೇಲ್ ಪ್ರತಿಯಾಗಿದ್ದರೆ ಬೋರ್ಡ್ ಯಾವ ಕಂಪನಿಯದಾದರೂ ತೊಂದರೆಯಿಲ್ಲ.

ಖಚಿತಪಡಿಸಿಕೊಳ್ಳುವುದು ಸುಲಭ. ವಿಂಡೋಸ್ ಕೀ ಮತ್ತು ‘ಆರ್’ ಒಟ್ಟಿಗೆ ಒತ್ತಿ, ತೆರೆದುಕೊಳ್ಳುವ ಚೌಕದಲ್ಲಿ ಎಸ್, ಎಲ್, ಎಂ, ಜಿ, ಆರ್ ಎಂಬ ಐದು ಇಂಗ್ಲಿಷ್ ಅಕ್ಷರಗಳನ್ನು ಬರೆದು, ಒಂದು ಜಾಗ ಬಿಟ್ಟು, ಓರೆಗೆರೆ (/) ಹಾಕಿ, ಅದಕ್ಕೆ ತಾಗಿಸಿ ಡಿ, ಎಲ್, ಐ ಎಂದು ಬರೆದು ಎಂಟರ್ ಒತ್ತಿ. ಕೆಲವು ಕ್ಷಣಗಳ ನಂತರ ಬರುವ ಸಣ್ಣ ಕಿಟಕಿಯ ವಿವರಣೆಯ ಸಾಲಿನಲ್ಲಿ ರಿಟೇಲ್, ಓಇಎಂ, ವಾಲ್ಯೂಮ್ ಇವುಗಳಲ್ಲಿ ಒಂದು ಪದ ಕಾಣಿಸುತ್ತದೆ. ಅದರ ಕೆಳಗೆ ಕೀಯ ಕೊನೆಯ ಐದು ಅಕ್ಷರಗಳೂ ಇರುತ್ತವೆ. ಅವು ನಿಮ್ಮ ಡಬ್ಬಿಯ ಕೀಯೊಂದಿಗೆ ಹೊಂದದಿದ್ದರೆ ಗಾಬರಿಪಡಬೇಕಾಗಿಲ್ಲ, ಏಕೆಂದರೆ ಡಿಜಿಟಲ್ ಪರವಾನಗಿ ಇರುವ ಕಂಪ್ಯೂಟರ್‌ಗಳಲ್ಲಿ ಎಲ್ಲರಿಗೂ ಸಮಾನವಾದ ಒಂದು ಸಾಮಾನ್ಯ ಕೀ ಕಾಣಿಸುವುದುಂಟು.

ಈ ಡಿಜಿಟಲ್ ಪರವಾನಗಿ 2015ರಲ್ಲಿ ವಿಂಡೋಸ್ 10ರೊಂದಿಗೆ ಬಂತು. ಜಮೀನಿನ ಪತ್ರ ನಮ್ಮ ಪೆಟ್ಟಿಗೆಯಲ್ಲಿದ್ದರೂ ಅದರ ದಾಖಲೆ ನೋಂದಣಿ ಕಚೇರಿಯಲ್ಲಿರುವಂತೆ, ನಿಮ್ಮ ಯಂತ್ರಾಂಶದ ಗುರುತು ಮತ್ತು ಅದಕ್ಕೆ ಸಿಕ್ಕಿರುವ ಹಕ್ಕು ಎರಡೂ ಮೈಕ್ರೋಸಾಫ್ಟ್‌ನ ಸರ್ವರ್‌ನಲ್ಲಿ ದಾಖಲಾಗಿರುತ್ತವೆ. ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಅಥವಾ ಡಿಸ್ಕ್ ಬದಲಿಸಿದರೆ ಸಾಮಾನ್ಯವಾಗಿ ಆ ಗುರುತು ಉಳಿಯುತ್ತದೆ. ಮದರ್‌ಬೋರ್ಡ್ ಬದಲಾದಾಗ ಮಾತ್ರ ಸರ್ವರ್ ಅದನ್ನು ಹೊಸ ಕಂಪ್ಯೂಟರ್ ಎಂದೇ ತಿಳಿಯುತ್ತದೆ, ನಿಮಗಾಗಿರುವುದೂ ಇದೇ.

ಬೋರ್ಡ್ ಸುಡುವ ಮೊದಲೇ ನೀವು ಮೈಕ್ರೋಸಾಫ್ಟ್ ಖಾತೆಯಿಂದ ಆ ಕಂಪ್ಯೂಟರಿಗೆ ಲಾಗಿನ್ ಆಗಿದ್ದರೆ ಕೆಲಸ ಐದು ನಿಮಿಷದ್ದು. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಆಕ್ಟಿವೇಷನ್ ತೆರೆದು ಟ್ರಬಲ್‌ಶೂಟ್ ಒತ್ತಿ. ‘ಈಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ’ ಎಂಬ ಅರ್ಥದ ಇಂಗ್ಲಿಷ್ ಸಾಲನ್ನು ಆರಿಸಿ ಅದೇ ಖಾತೆಯಿಂದ ಲಾಗಿನ್ ಆದರೆ ಆ ಖಾತೆಗೆ ಸೇರಿದ ಕಂಪ್ಯೂಟರ್‌ಗಳ ಪಟ್ಟಿ ಬರುತ್ತದೆ; ಹಳೆಯ ಹೆಸರನ್ನು ಆರಿಸಿ, ಈಗ ಬಳಸುತ್ತಿರುವ ಯಂತ್ರ ಇದೇ ಎಂದು ಗುರುತು ಹಾಕಿ ಆಕ್ಟಿವೇಟ್ ಒತ್ತಿ. ಅಡ್ಮಿನಿಸ್ಟ್ರೇಟರ್ ಹಕ್ಕಿನ ಖಾತೆಯಿಂದಲೇ ಇದನ್ನು ಮಾಡಬೇಕು, ಮತ್ತು ಮೊದಲು ಹೋಮ್ ಆವೃತ್ತಿ ಇದ್ದರೆ ಈಗಲೂ ಹೋಮ್ ಆವೃತ್ತಿಯೇ ಇರಬೇಕು. ರಿಪೇರಿಯವರು ಹೊಸದಾಗಿ ವಿಂಡೋಸ್ ಹಾಕುವಾಗ ಕೇಳದೆಯೇ ಪ್ರೊ ಆವೃತ್ತಿ ಹಾಕಿಬಿಟ್ಟಿರುವುದರಿಂದಲೂ ಆಕ್ಟಿವೇಷನ್ ನಿಲ್ಲಬಹುದು, ಆದ್ದರಿಂದ ಇದನ್ನು ಮೊದಲು ನೋಡಿ.

ಖಾತೆ ಜೋಡಿಸಿರದಿದ್ದರೆ ಅದೇ ಪುಟದಲ್ಲಿ ‘ಚೇಂಜ್ ಪ್ರಾಡಕ್ಟ್ ಕೀ’ ಒತ್ತಿ ಡಬ್ಬಿಯೊಳಗಿನ 25 ಅಕ್ಷರಗಳ ಕೀಯನ್ನು ಕೊಡಿ. ಬೇರೆ ಕಂಪ್ಯೂಟರಿನಲ್ಲಿ ಬಳಕೆಯಾಗಿದೆ ಎಂದು ತಿರಸ್ಕೃತವಾದರೆ ಮೈಕ್ರೋಸಾಫ್ಟ್‌ನ ಗ್ರಾಹಕ ಸಹಾಯವನ್ನು ಸಂಪರ್ಕಿಸಿ, ಬೋರ್ಡ್ ಕೆಟ್ಟಿರುವುದನ್ನು ತಿಳಿಸಿ. ಬಿಲ್ಲನ್ನು ಕೈಯಲ್ಲಿಟ್ಟುಕೊಳ್ಳಿ. ಆಕ್ಟಿವೇಟ್ ಆದ ಕೂಡಲೇ ಮರೆಯದೆ ಖಾತೆಯನ್ನು ಜೋಡಿಸಿ.

ಅಗ್ಗದ ಕೀ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಗುಜರಿಗೆ ಹೋದ ಕಂಪ್ಯೂಟರ್‌ಗಳ ಓಇಎಂ ಕೀಗಳು, ಸಂಸ್ಥೆಗಳಿಂದ ಸೋರಿ ಬಂದ ವಾಲ್ಯೂಮ್ ಕೀಗಳು ಹೀಗೆ ಮಾರಾಟವಾಗುತ್ತವೆ. ಇಂದು ಆಕ್ಟಿವೇಟ್ ಆದರೂ ನಿಮಗೆ ಹಕ್ಕು ಸಿಕ್ಕಿದಂತಲ್ಲ, ಕೀಯನ್ನು ನಿರ್ಬಂಧಿಸಿದ ದಿನ ಕೊಟ್ಟ ಹಣವೂ ಹೋಗುತ್ತದೆ. ಇನ್ನು ಕೆಲವರು ಒಂದು ಸಣ್ಣ ‘ಆಕ್ಟಿವೇಟರ್’ ತಂತ್ರಾಂಶ ಹಾಕಿಕೊಡುತ್ತಾರೆ. ಅಂಥವುಗಳಲ್ಲಿ ಅನೇಕವು ಸಂಸ್ಥೆಗಳ ಒಳಗಿನ ಆಕ್ಟಿವೇಷನ್ ಸರ್ವರ್‌ನಂತೆ ನಟಿಸಿ ವಿಂಡೋಸನ್ನು 180 ದಿನಗಳಿಗೊಮ್ಮೆ ನಂಬಿಸುತ್ತ ಹೋಗುತ್ತವೆ. ಅದನ್ನು ಹಾಕಲು ಆಂಟಿವೈರಸ್ ನಿಲ್ಲಿಸಿ ಎಂದು ಹೇಳಿದರೆ ಅಲ್ಲಿಗೇ ಬೇಡವೆನ್ನಿ. ಬ್ಯಾಂಕ್ ವ್ಯವಹಾರ ನಡೆಸುವ ಯಂತ್ರದಲ್ಲಿ ಗುರುತಿಲ್ಲದವರು ಬರೆದ ತಂತ್ರಾಂಶಕ್ಕೆ ಪೂರ್ಣ ಅಧಿಕಾರ ಕೊಡುವುದು ಪರವಾನಗಿಯ ಬೆಲೆಗಿಂತ ದುಬಾರಿಯಾದೀತು.

ಪ್ರಶ್ನೆ: ಹಳೆಯ ಲ್ಯಾಪ್‌ಟಾಪಿನ ತಳದಲ್ಲಿ ವಿಂಡೋಸ್ 7ರ ಕೀ ಇರುವ ಚೀಟಿ ಅಂಟಿದೆ. ಮಗಳಿಗಾಗಿ ಜೋಡಿಸುತ್ತಿರುವ ಹೊಸ ಕಂಪ್ಯೂಟರಿಗೆ ಅದನ್ನು ಬಳಸಬಹುದೇ?
– ಓದುಗರು, ಶಿರಸಿ

ಉತ್ತರ: ಬಳಸಲಾಗದು. ಅದು ಆ ಲ್ಯಾಪ್‌ಟಾಪಿಗೆ ಸೇರಿದ ಓಇಎಂ ಪರವಾನಗಿ. ವಿಂಡೋಸ್ 7 ಮತ್ತು 8ರ ಕೀಗಳಿಂದ ಹೊಸ ಆವೃತ್ತಿಗಳನ್ನು ಆಕ್ಟಿವೇಟ್ ಮಾಡುವ ದಾರಿಯನ್ನೂ 2023ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಮುಚ್ಚಿದೆ.

ಪ್ರಶ್ನೆ: ಆಕ್ಟಿವೇಟ್ ಮಾಡದೆಯೇ ವಿಂಡೋಸ್ ಬಳಸಿದರೆ ಏನಾಗುತ್ತದೆ? ಹಣವಿಲ್ಲದವರಿಗೆ ಬೇರೆ ದಾರಿ ಇದೆಯೇ?
– ವಿದ್ಯಾರ್ಥಿ, ಕಲಬುರಗಿ

ಉತ್ತರ: ಪರದೆಯ ಬಲಭಾಗದ ಕೆಳಗೆ ಮಸುಕಾದ ಅಕ್ಷರಗಳ ಸೂಚನೆ ಉಳಿಯುತ್ತದೆ, ಬಣ್ಣ ಮತ್ತು ಹಿನ್ನೆಲೆ ಚಿತ್ರಗಳ ಸೆಟ್ಟಿಂಗ್‌ಗಳು ಮುಚ್ಚಿರುತ್ತವೆ, ಉಳಿದ ಕೆಲಸ ನಡೆಯುತ್ತದೆ. ಆದರೆ ಪರವಾನಗಿಯ ನಿಯಮ ಇಂಥ ನಿರಂತರ ಬಳಕೆಗೆ ಒಪ್ಪಿಗೆ ಕೊಡುವುದಿಲ್ಲ.

ಕದ್ದ ಕೀಗಿಂತ, ವಿಂಡೋಸ್ ಬದಲು ಬಳಸಬಹುದಾದ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಗಳಾದ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿಕೊಳ್ಳುವುದು ಎಷ್ಟೋ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅವು ಉಚಿತ, ಕೀಯ ಗೊಡವೆಯೇ ಇಲ್ಲ, ಯೂನಿಕೋಡ್ ಕನ್ನಡವನ್ನು ಓದಲು ಮತ್ತು ಬರೆಯಲು ಅಡ್ಡಿಯಿಲ್ಲ, ಲಿಬ್ರೆಆಫೀಸ್‌ನಲ್ಲಿ ವರದಿ ಮತ್ತು ಲೆಕ್ಕಪಟ್ಟಿಗಳನ್ನು ತಯಾರಿಸಬಹುದು. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರಿಗೆ ಮಾತ್ರ ವಿಂಡೋಸ್ ಬಿಟ್ಟು ಬರುವುದು ಕಷ್ಟ. ನುಡಿಯ ಹಳೆಯ ಫಾಂಟ್‌ಗಳಲ್ಲಿ ಬರೆದಿಟ್ಟ ಕಡತಗಳಿದ್ದರೆ, ಲಿನಕ್ಸಿಗೆ ಹೋಗುವ ಮೊದಲೇ ಅವನ್ನು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳು ಸರಿಯಾಗಿ ಬಂದಿವೆಯೇ ಎಂದು ಪುಟಪುಟವಾಗಿ ನೋಡಿಕೊಳ್ಳಿ.