ಹುಲ್ಲು ಬಿಟ್ಟು ಹಾಕಿದ ಲೆಕ್ಕ

ಪತ್ರ: ‘ಬರದ ಸೂಚನೆ ಕಂಡಾಗ ಸಣ್ಣ ರೈತರು ಏನು ತೀರ್ಮಾನ ಮಾಡುತ್ತಾರೆ ಎಂಬುದಕ್ಕೆ ಕಂಪ್ಯೂಟರ್ ಮಾದರಿ ಮಾಡುತ್ತಿದ್ದೇನೆ. ಅದರ ಪ್ರಕಾರ ಹೆಚ್ಚು ಲಾಭದ ಒಂದೇ ಬೆಳೆ ಇಟ್ಟು ವಿಮೆ ಮಾಡಿಸುವುದು ಒಳ್ಳೆಯದು. ಆದರೆ ಮಧುಗಿರಿ, ಶಿರಾ ಕಡೆಯ ರೈತರು ರಾಗಿ ಬಿಡುವುದಿಲ್ಲ, ವಿಮೆಗೂ ಮನಸ್ಸು ಮಾಡುವುದಿಲ್ಲ. ಇವರಿಗೆ ತಿಳಿವಳಿಕೆ ಮೂಡಿಸುವುದು ಹೇಗೆ?’
– ಸಂಶೋಧನಾ ವಿದ್ಯಾರ್ಥಿ, ತುಮಕೂರು

ಸಂಪಾದಕರ ಉತ್ತರ: ಪತ್ರ ಚೆನ್ನಾಗಿದೆ. ಕೊನೆಯ ಸಾಲು ಓದಿ ಮಾತ್ರ ಸ್ವಲ್ಪ ಕೋಪ ಬಂತು. ಮಾದರಿ ಒಂದು ಹೇಳಿ ರೈತ ಇನ್ನೊಂದು ಮಾಡಿದರೆ ತಿದ್ದಬೇಕಾದ್ದು ಮಾದರಿಯನ್ನು, ಅಲ್ವಾ?

ಮಾದರಿಯೇ ಬೇಡ ಎನ್ನುತ್ತಿಲ್ಲ. ಯಾವ ತಾಲ್ಲೂಕಿಗೆ ಎಷ್ಟು ಮೇವು ಬೇಕಾದೀತು ಎಂದು ಮೊದಲೇ ಅಂದಾಜು ಮಾಡಲು ಅದು ಬೇಕು. ಆ ಮಾತು ಅಲ್ಲಿಗಿರಲಿ.

ನೀವು ಹೇಳಿದ ಸೀಮೆಯಲ್ಲೇ ಒಂದು ರಾಗಿ ಹೊಲದ ಬದುವಿನ ಮೇಲೆ ನಿಂತು ನೋಡಿ. ಕೆಲವು ಸಾಲು ರಾಗಿ, ಆಮೇಲೊಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ರಾಗಿ ಬಾಡಿದರೂ ತೊಗರಿಯ ಬೇರು ಆಳಕ್ಕೆ ಇಳಿದಿರುತ್ತದೆ. ತಡವಾಗಿ ಬಂದ ಮಳೆಗೂ ಚೇತರಿಸಿಕೊಳ್ಳುತ್ತದೆ. ತೆನೆ ಜೊಳ್ಳಾದರೂ ರಾಗಿ ಹುಲ್ಲು ಕೈಗೆ ಸಿಗುತ್ತದೆ. ಹುಲ್ಲಿದ್ದರೆ ಹಸು, ಹಸು ಇದ್ದರೆ ಡೇರಿ ದುಡ್ಡು. ನಿಮ್ಮ ಮಾದರಿಯಲ್ಲಿ ಹುಲ್ಲಿಗೆ ಎಷ್ಟು ಬೆಲೆ ಕಟ್ಟಿದ್ದೀರಿ? ಪತ್ರದಲ್ಲಂತೂ ಅದರ ಸುದ್ದಿಯೇ ಇಲ್ಲ.

ರೈತ ಜೂನ್ ತಿಂಗಳಲ್ಲಿ ಒಂದು ದಿನ ಕೂತು ವರ್ಷದ ತೀರ್ಮಾನ ಮುಗಿಸಿ ಏಳುವವನೂ ಅಲ್ಲ. ಮಳೆ ಮಳೆಗೂ ಲೆಕ್ಕ ಬದಲಾಗುತ್ತದೆ. ಮುಂಗಾರು ಬೇಗ ಹಿಡಿದರೆ ಎಂಆರ್-6ನಂಥ ಹೆಚ್ಚು ದಿನದ ರಾಗಿ ತಳಿ. ಜುಲೈಗೆ ಹೋಯಿತೋ, ಮಧ್ಯಮ ಅವಧಿಯ ಜಿಪಿಯು-28. ಆಗಸ್ಟ್‌ಗೆ ಜಾರಿದರೆ 100 ದಿನಕ್ಕೆ ಬರುವ ಜಿಪಿಯು-48. ಅದೂ ತಪ್ಪಿದರೆ ಹುರುಳಿ ಚೆಲ್ಲುತ್ತಾನೆ. ಇಷ್ಟು ಕವಲಿರುವ ಲೆಕ್ಕ ಮಾಡುವವನಿಗೆ ತಿಳಿವಳಿಕೆ ಸಾಲದು ಅಂತೀರಲ್ಲ!

ವಿಮೆಯ ವಿಷಯಕ್ಕೆ ಬರೋಣ. 2003ರಲ್ಲಿ ಈಗಿನ ತೆಲಂಗಾಣದ ಮಹಬೂಬ್‌ನಗರದ ಶೇಂಗಾ, ಹರಳು ಬೆಳೆಗಾರರಿಗೆ ಮಳೆ ವಿಮೆ ಬಂತು. ಅಪಾಯಕ್ಕೆ ಅಂಜುವವರೇ ಮುಗಿಬಿದ್ದು ಕೊಳ್ಳಬೇಕಿತ್ತು. ಅರ್ಥಶಾಸ್ತ್ರಜ್ಞರು ಹೋಗಿ ವಿಚಾರಿಸಿದಾಗ ಕಂಡದ್ದು ಉಲ್ಟಾ: ಅಂಜುವವರೇ ಕಡಿಮೆ ಕೊಂಡಿದ್ದರು. ಗುರುತು ಪರಿಚಯ ಇಲ್ಲದ ವಿಮೆಯೂ ಅವರಿಗೆ ಒಂದು ಅಪಾಯವೇ. ಈಗಿನ ಸರ್ಕಾರಿ ಬೆಳೆ ವಿಮೆ, ಫಸಲ್ ಬಿಮಾ ನೋಡಿ. ಮುಂಗಾರು ಬೆಳೆಗೆ ರೈತ ಕಟ್ಟಬೇಕಾದ್ದು ಶೇ 2 ಮಾತ್ರ, ನಿಜ. ಆದರೆ ಬರದ ನಷ್ಟ ಲೆಕ್ಕ ಹಾಕುವುದು ಪಂಚಾಯಿತಿಯ ಸರಾಸರಿ ಇಳುವರಿಯ ಮೇಲೆ. ತಗ್ಗಿನ ಹೊಲದವರ ಬೆಳೆ ಚೆನ್ನಾಗಿ ಬಂದರೆ ದಿಣ್ಣೆ ಹೊಲದವನಿಗೆ ಚಿಪ್ಪು.

ರೈತನ ನಿಜವಾದ ವಿಮೆ ಬೇರೆ ಕಡೆ ಇದೆ. ಒಣಭೂಮಿ ಬೆಳೆಗಳ ಸಂಶೋಧನೆ ನಡೆಸುವ ಇಕ್ರಿಸ್ಯಾಟ್ ಸಂಸ್ಥೆ 1975ರಿಂದ ಸೊಲ್ಲಾಪುರ, ಅಕೋಲಾ, ಮಹಬೂಬ್‌ನಗರದ ಕೆಲವು ಹಳ್ಳಿಗಳ ಮನೆ ಲೆಕ್ಕ ಬರೆದಿಟ್ಟಿತು. ಅದನ್ನು ಹಿಡಿದು ರೋಸೆನ್‌ಜ್ವೈಗ್ ಮತ್ತು ಸ್ಟಾರ್ಕ್ ಎಂಬಿಬ್ಬರು ಅರ್ಥಶಾಸ್ತ್ರಜ್ಞರು 1989ರಲ್ಲಿ ಒಂದು ಸಂಗತಿ ತೋರಿಸಿದರು. ದೂರದೂರಿನ ಬೀಗತನ ಇದ್ದ ಮನೆಗಳಲ್ಲಿ, ಬೆಳೆ ಏರುಪೇರಾದರೂ ಊಟದ ಖರ್ಚು ಅಷ್ಟು ಏರುಪೇರಾಗುತ್ತಿರಲಿಲ್ಲ. ಇಲ್ಲಿ ಮಳೆ ಕೈಕೊಟ್ಟರೆ ಬೀಗರ ಊರಲ್ಲಾದರೂ ಬಂದಿರುತ್ತದೆ ನೋಡಿ. ನಮ್ಮ ಅಜ್ಜಿಯರಿಗೆ ಇದು ಹೊಸದೇನಲ್ಲ.

ಇಷ್ಟಕ್ಕೂ ಎಲ್ಲರ ಮಾದರಿಯೂ ರೈತನ ಮೇಲೆಯೇ ಯಾಕೆ? ಸರ್ಕಾರಗಳ ತೀರ್ಮಾನಕ್ಕೂ ಯಾರಾದರೂ ಒಂದು ಮಾಡಬಾರದೇ? 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಕೇಂದ್ರದ ತಂಡ ಬಂತು, ಒಣಗಿದ ಬೆಳೆ ನೋಡಿತು, ಹೋಯಿತು. ಪರಿಹಾರಕ್ಕೆ ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ಕೇಂದ್ರದ ದುಡ್ಡು ಬಿಡುಗಡೆಯಾದದ್ದು 2024ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಮುಂದಿನ ಬಿತ್ತನೆಗೆ ಉಳುವ ಹೊತ್ತಾಗಿತ್ತು. ಇಂಥ ದುಡ್ಡು ನಂಬಿ ಯಾವ ರೈತ ಒಂದೇ ಬೆಳೆಗೆ ಹೊಲ ಒಪ್ಪಿಸುತ್ತಾನೆ ಹೇಳಿ?

ನೀವು ಬುದ್ಧಿವಂತರು, ಪತ್ರ ನೋಡಿದರೆ ಗೊತ್ತಾಗುತ್ತದೆ. ಸಮೀಕ್ಷೆಗೆ ಇನ್ನೊಮ್ಮೆ ಹೋಗಿ, ಆದರೆ ಸುಗ್ಗಿ ಮುಗಿದ ಮೇಲಲ್ಲ, ಜುಲೈನಲ್ಲೇ ಹೋಗಿ. ‘ಕುಟುಂಬದ ಯಜಮಾನ’ನನ್ನು ಮಾತ್ರ ಕೇಳಿ ಎದ್ದು ಬರಬೇಡಿ. ಬೀಜ ಎಷ್ಟು ಎತ್ತಿಡಬೇಕು, ಯಾವ ಹಸು ಮಾರಬೇಕು ಎನ್ನುವುದು ಎಷ್ಟೋ ಮನೆಗಳಲ್ಲಿ ಹೆಂಗಸರ ಮಾತಿನ ಮೇಲೆ ನಡೆಯುತ್ತದೆ.